ಒಂದೇ ಥೈಲಿ, ಎರಡು ಸರಕು

ದಪ್ಪ ಸಿರಿಂಜಿನಂಥ ಒಂದು ಪ್ಲಾಸ್ಟಿಕ್ ಕೊಳವೆ. ಅದಕ್ಕೆ ಸೂಜಿಯಿಲ್ಲ, ಒಳಗೆ ಔಷಧವೂ ಇಲ್ಲ. ಇರುವುದು ಮಾತ್ರೆಗಳ ಹಾಗೆ ಒತ್ತಿ ಚಪ್ಪಟೆ ಮಾಡಿದ 92 ಸ್ಪಂಜಿನ ಬಿಲ್ಲೆಗಳು. ತೊಡೆಸಂದಿನಲ್ಲೋ ಕಂಕುಳಲ್ಲೋ ಗುಂಡು ಹೊಕ್ಕು ರಕ್ತ ಚಿಮ್ಮುತ್ತಿರುವಾಗ ಕೊಳವೆಯ ಬಾಯನ್ನು ಗಾಯದೊಳಕ್ಕೆ ಇಳಿಸಿ ಹಿಂದಿನ ಕಡ್ಡಿ ಒತ್ತಿದರೆ ಬಿಲ್ಲೆಗಳು ಒಳಸೇರುತ್ತವೆ. ರಕ್ತ ತಾಗಿದ್ದೇ ತಡ ಉಬ್ಬಿಕೊಂಡು, ಸುಮಾರು 20 ಸೆಕೆಂಡಿನಲ್ಲಿ ಗಾಯದ ಪೊಳ್ಳನ್ನೆಲ್ಲ ತುಂಬಿ ಒಳಗಿನಿಂದಲೇ ಒತ್ತಿ ಹಿಡಿಯುತ್ತವೆ. ಕೈಗೋ ಕಾಲಿಗೋ ಪೆಟ್ಟಾದರೆ ಮೇಲ್ಗಡೆ ಟೂರ್ನಿಕೆಟ್ ಪಟ್ಟಿ ಬಿಗಿಯಬಹುದು. ತೊಡೆಸಂದಿಗೆ ಎಲ್ಲಿ ಬಿಗಿಯುವುದು? ಅದಕ್ಕೇ ಈ ಉಪಾಯ. ಪ್ರತಿ ಬಿಲ್ಲೆಯಲ್ಲೂ ಎಕ್ಸ್‌ರೇಗೆ ಕಾಣುವ ಒಂದು ಗುರುತು ಇಟ್ಟಿದ್ದಾರೆ, ಆಮೇಲೆ ಆಪರೇಷನ್ ಮಾಡುವಾಗ ಒಂದೂ ಒಳಗೆ ಉಳಿಯಬಾರದಲ್ಲ. ಇದರ ಹೆಸರು ಎಕ್ಸ್‌ಸ್ಟಾಟ್. ಮಾಡಿದ್ದು ಅಮೆರಿಕದ ಒರೆಗಾನ್ ರಾಜ್ಯದ ವಿಲ್ಸನ್‌ವಿಲ್ ಊರಿನ ರೆವ್‌ಮೆಡೆಕ್ಸ್ ಎಂಬ ಪುಟ್ಟ ಕಂಪನಿ. ದುಡ್ಡು ಕೊಟ್ಟದ್ದು ಅಲ್ಲಿನ ಸೇನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಇದನ್ನು ರಣರಂಗಕ್ಕೆಂದು ಒಪ್ಪಿ, 2015ರ ಕೊನೆಯಲ್ಲಿ ಊರಿನ ಆಂಬುಲೆನ್ಸ್‌ಗಳಿಗೂ ಬಿಟ್ಟುಕೊಟ್ಟಿತು.

ಇಂಥದ್ದನ್ನು ದೊಡ್ಡ ಔಷಧ ಕಂಪನಿಗಳು ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಉತ್ತರ ಸುಲಭ. ತೊಡೆಸಂದಿಗೆ ಗುಂಡು ಬಿದ್ದವರು ವರ್ಷಕ್ಕೆ ಎಷ್ಟು ಜನ? ಮಧುಮೇಹದ ಮಾತ್ರೆಯಂತೆ ದಿನಾ ನುಂಗುವ ಸರಕಲ್ಲ ಇದು. ಸೇನೆಗೆ ಮಾತ್ರ ಇದು ದಿನದ ಲೆಕ್ಕ. 2001ರಿಂದ 2011ರವರೆಗೆ ರಣರಂಗದಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಯೋಧರ ದಾಖಲೆಗಳನ್ನು ಸೇನಾ ವೈದ್ಯರು ಒಂದೊಂದಾಗಿ ತೆಗೆದು ನೋಡಿದರು. ಆಸ್ಪತ್ರೆ ತಲುಪುವ ಮೊದಲೇ ಸತ್ತವರಲ್ಲಿ ಸುಮಾರು ಕಾಲುಭಾಗ ಬದುಕಿಸಬಹುದಾಗಿದ್ದವರು; ಆ ಕಾಲುಭಾಗದಲ್ಲಿ ನೂರಕ್ಕೆ 90ರಷ್ಟು ಮಂದಿಯ ಜೀವ ಹೋದದ್ದು ರಕ್ತ ಸೋರಿ. ಈ ಲೆಕ್ಕ ಕಣ್ಣೆದುರಿಗಿರುವ ಸೇನೆ ಒಂದು ಸಣ್ಣ ಕಂಪನಿಗೆ ಕೆಲವು ಮಿಲಿಯನ್ ಡಾಲರ್ ಕೊಟ್ಟು ‘ಏನಾದರೂ ಮಾಡಿ ತನ್ನಿ’ ಅಂದರೆ ತಪ್ಪೇನು?

ತಪ್ಪಿದೆ ಅನ್ನುವವರೂ ಇದ್ದಾರೆ, ಅವರ ಮಾತಿಗೂ ತೂಕವಿದೆ. ಇದೇ ಥೈಲಿಯಿಂದ ಗಾಯಕ್ಕೆ ತುಂಬುವ ಸ್ಪಂಜಿಗೂ ದುಡ್ಡು ಹೋಗುತ್ತದೆ, ಗಾಯ ಮಾಡುವ ಡ್ರೋನಿಗೂ ಹೋಗುತ್ತದೆ. ಸಣ್ಣ ಉದ್ದಿಮೆ, ಹೊಸ ಆವಿಷ್ಕಾರ ಎಂಬ ಸಿಹಿ ಮಾತಿನ ಹಿಂದೆ ಎರಡೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಥೈಲಿ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ ಇದ್ದರು. ಸರ್ಕಾರಿ ಸಂಶೋಧನಾ ಹಣವೆಲ್ಲ ವಿಶ್ವವಿದ್ಯಾಲಯಗಳಿಗೂ ದೈತ್ಯ ಕಂಪನಿಗಳಿಗೂ ಹೋಗಿ ಬೀಳುತ್ತಿದೆ, ಹೊಸ ಯೋಚನೆ ಇರುವ ಸಣ್ಣವರಿಗೆ ಬಾಗಿಲೇ ಇಲ್ಲ ಎನ್ನುವುದು ಅವರ ಕೊರಗು. 1977ರಲ್ಲಿ ಅವರು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ ಪ್ರಯೋಗವನ್ನು 1982ರಲ್ಲಿ ಅಧ್ಯಕ್ಷ ರೇಗನ್ ಸಹಿಯೊಂದಿಗೆ ಕಾನೂನು ಮಾಡಲಾಯಿತು. ಎಸ್‌ಬಿಐಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 100 ಮಿಲಿಯನ್ ಡಾಲರ್ ಮೀರಿ ಖರ್ಚು ಮಾಡುವ ಪ್ರತಿ ಇಲಾಖೆಯೂ ಆ ಹಣದ ಇಷ್ಟು ಪಾಲನ್ನು 500ಕ್ಕಿಂತ ಹೆಚ್ಚು ನೌಕರರಿಲ್ಲದ ಕಂಪನಿಗಳಿಗೆ ಎತ್ತಿಡಬೇಕು. ಆರಂಭದಲ್ಲಿ ಶೇಕಡಾ 0.2ರಷ್ಟಿದ್ದ ಪಾಲು ಆಮೇಲೆ ಶೇಕಡಾ 3.2ಕ್ಕೆ ಏರಿತು. ಎಲ್ಲ ಇಲಾಖೆಗಳನ್ನೂ ಕೂಡಿಸಿದರೆ ವರ್ಷಕ್ಕೆ ಸುಮಾರು 4 ಬಿಲಿಯನ್ ಡಾಲರ್; ಅದರಲ್ಲಿ ಹೆಚ್ಚುಕಡಿಮೆ ಅರ್ಧ ರಕ್ಷಣಾ ಇಲಾಖೆಯದು.

ಹಂತಗಳು ಮೂರು. ಮೊದಲ ಹಂತದಲ್ಲಿ ‘ಇದು ಆಗುವ ಕೆಲಸವೇ’ ಎಂದು ತೋರಿಸಲು ಆರೇಳು ತಿಂಗಳಿನಿಂದ ಒಂದು ವರ್ಷ ಕಾಲಾವಕಾಶ, ಸಣ್ಣ ಮೊತ್ತ. ಗೆದ್ದರೆ ಎರಡನೇ ಹಂತ: ಎರಡು ವರ್ಷ, ಮಿಲಿಯನ್ ಡಾಲರ್ ಲೆಕ್ಕದ ಹಣ, ಕೆಲಸ ಮಾಡುವ ಮಾದರಿ ತಂದು ತೋರಿಸಬೇಕು. ಮೂರನೇ ಹಂತಕ್ಕೆ ಈ ಯೋಜನೆಯಿಂದ ಒಂದು ಪೈಸೆಯೂ ಇಲ್ಲ. ಸೇನೆ ತನ್ನ ಖರೀದಿ ಬಜೆಟ್ಟಿನಿಂದ ಕೊಳ್ಳಬೇಕು, ಇಲ್ಲವೇ ಕಂಪನಿ ಹೊರಗೆ ಮಾರಿಕೊಳ್ಳಬೇಕು. ಒಂದೇ ಅನುಕೂಲವೆಂದರೆ ಮತ್ತೆ ಟೆಂಡರ್ ಕರೆಯದೆ ನೇರವಾಗಿ ಆ ಕಂಪನಿಯಿಂದಲೇ ಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಅವಕಾಶ ಕೊಡುತ್ತದೆ, ಕೊಳ್ಳಲೇಬೇಕು ಅನ್ನುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುವ ಮಾತು ಪೆಂಟಗನ್ನಿಗೂ ಸಲ್ಲುತ್ತದೆ. ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ನಡುವೆ ಸತ್ತ ಕಂಪನಿಗಳು ಬಹಳ.

ಪರವಾಗಿ ಮಾತಾಡುವವರು ಮೊದಲು ಗೆದ್ದವರ ಹೆಸರು ಹೇಳುತ್ತಾರೆ: ಕ್ವಾಲ್‌ಕಾಮ್, ಸಿಮ್ಯಾಂಟೆಕ್, ಐರೋಬಾಟ್. ಇವೆಲ್ಲ ಬೆರಳೆಣಿಕೆಯ ಜನರ ಕಂಪನಿಗಳಾಗಿದ್ದ ಕಾಲದಲ್ಲಿ ಈ ಹಣ ಪಡೆದವೇ. ಆದರೆ ಗೆದ್ದವರ ಪಟ್ಟಿ ನನಗೆ ಅಷ್ಟಾಗಿ ಒಪ್ಪಿಗೆಯಾಗುವ ವಾದವಲ್ಲ. ಸಾವಿರಾರು ಕಂಪನಿಗಳಿಗೆ ನಲವತ್ತು ವರ್ಷ ಹಣ ಹಂಚಿದರೆ ನಾಲ್ಕಾದರೂ ಬೆಳೆಯಲೇಬೇಕು. ಅವು ಆ ಹಣವಿಲ್ಲದೆಯೂ ಬೆಳೆಯುತ್ತಿದ್ದವೇ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ಇನ್ನೂ ಗಟ್ಟಿಯಾದ ವಾದ ಬೇರೆ ಇದೆ. ಕಾನೂನಿನ ಪ್ರಕಾರ ಈ ಹಣದಲ್ಲಿ ಕಂಡುಹಿಡಿದದ್ದರ ತಾಂತ್ರಿಕ ಮಾಹಿತಿ 20 ವರ್ಷದವರೆಗೆ ಕಂಪನಿಯ ಕೈಯಲ್ಲೇ ಇರುತ್ತದೆ. ಸೇನೆ ಬಳಸಬಹುದು, ಎತ್ತಿ ದೊಡ್ಡ ಗುತ್ತಿಗೆದಾರನ ಕೈಗೆ ಕೊಡುವಂತಿಲ್ಲ. ಲಾಕ್‌ಹೀಡ್‌ನಂಥ ದೈತ್ಯರ ಪಕ್ಕದಲ್ಲಿ ಹನ್ನೆರಡು ಜನರ ಅಂಗಡಿಯೊಂದು ಬಾಳಬೇಕಾದರೆ ಇಂಥ ಬೇಲಿ ಬೇಕೇ ಬೇಕು.

ಗಾಯದ ಕಥೆಯನ್ನು ಇನ್ನೊಂದು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಎರಡೂ ಕಡೆಯ ಸಾಕ್ಷ್ಯ ಅಲ್ಲೇ ಇದೆ. ಅಮೆರಿಕದ ಸೈನಿಕರು ಇರಾಕಿಗೆ ಹೋಗುವ ಹೊತ್ತಿಗೆ ಕನೆಕ್ಟಿಕಟ್ ರಾಜ್ಯದ ಜೆಡ್-ಮೆಡಿಕಾ ಎಂಬ ಸಣ್ಣ ಕಂಪನಿಯ ಕ್ವಿಕ್‌ಕ್ಲಾಟ್ ಎಂಬ ಪುಡಿ ಅವರ ಚೀಲದಲ್ಲಿತ್ತು. ಪುಡಿ ಅಂದರೆ ಜಿಯೋಲೈಟ್, ಸಣ್ಣ ಸಣ್ಣ ರಂಧ್ರಗಳ ಒಂದು ಖನಿಜ. ಗಾಯಕ್ಕೆ ಸುರಿದರೆ ರಕ್ತದ ನೀರಂಶವನ್ನು ಹೀರಿಕೊಂಡು ಉಳಿದದ್ದು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಹೀರುವಾಗ ಬಿಸಿಯಾಗುತ್ತದೆ, ಅಲ್ಲೇ ತೊಡಕು. ರಕ್ತವೇನೋ ನಿಲ್ಲುತ್ತಿತ್ತು, ಚರ್ಮ ಮಾಂಸ ಸುಡುತ್ತಿತ್ತು. ಜೀವ ಹೋಗುವುದಕ್ಕಿಂತ ಸುಟ್ಟ ಗಾಯ ವಾಸಿ ಎಂದು ಒಂದಷ್ಟು ಕಾಲ ನಡೆಯಿತು. ಆಮೇಲೆ ಅದೇ ಕಂಪನಿ ಜಿಯೋಲೈಟ್ ಬಿಟ್ಟು ಕೇಯೊಲಿನ್ ಜೇಡಿ ಸವರಿದ ಗಾಜ್ ಬಟ್ಟೆ ತಂದಿತು. 2008ರಿಂದ ಕಾಂಬ್ಯಾಟ್ ಗಾಜ್ ಎಂಬ ಆ ಬಟ್ಟೆಯೇ ಸೈನಿಕರ ಮೊದಲ ಆಯ್ಕೆ. ಅದು ಬಿಸಿಯಾಗುವುದಿಲ್ಲ.

ಅದೇ ಹೊತ್ತಿಗೆ ಬಂದ ವುಂಡ್‌ಸ್ಟಾಟ್ ಎಂಬ ಇನ್ನೊಂದು ಜೇಡಿಪುಡಿಯ ಗತಿ ಬೇರೆಯಾಯಿತು. ಎಫ್‌ಡಿಎ ಒಪ್ಪಿತ್ತು, ಸೇನೆ ತರಿಸಿಕೊಂಡಿತ್ತು, ಸೈನಿಕರ ಕೈಗೂ ಬಂದಿತ್ತು. ಅಷ್ಟರಲ್ಲಿ ಸೇನೆಯದೇ ಶಸ್ತ್ರಚಿಕಿತ್ಸಾ ಸಂಶೋಧನಾ ಸಂಸ್ಥೆ ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಪುಡಿಯ ಕಣಗಳು ರಕ್ತನಾಳದೊಳಗೆ ಸೇರಿ ಅಲ್ಲಿ ಹೆಪ್ಪು ಕಟ್ಟಿಸುತ್ತಿರುವುದು ಕಂಡಿತು. ಬಳಕೆ ನಿಂತಿತು.

ಈ ಒಂದು ಘಟನೆಯನ್ನು ಇಬ್ಬರೂ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ವಿರೋಧಿಸುವವರು ಹೇಳುವುದು: ಯುದ್ಧದ ಅವಸರದಲ್ಲಿ ಪೂರ್ತಿ ಪರೀಕ್ಷೆಯಾಗದ ಸರಕು ಸೈನಿಕನ ಮೈಮೇಲೆ ಪ್ರಯೋಗವಾಗುತ್ತದೆ. ಸೈನಿಕನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಕಡಿಮೆ. ಉಳಿಯಲು ಹೆಣಗುವ ಸಣ್ಣ ಕಂಪನಿಗೆ ‘ಇನ್ನೊಂದು ವರ್ಷ ಪರೀಕ್ಷಿಸೋಣ’ ಎನ್ನುವ ತಾಳ್ಮೆಯೂ ಕಡಿಮೆ. ಪರವಾಗಿರುವವರು ಹೇಳುವುದು: ತಪ್ಪು ಹಿಡಿದದ್ದೂ ಸೇನೆಯ ಪ್ರಯೋಗಾಲಯವೇ ಅಲ್ಲವೆ? ಕೊಟ್ಟವನೇ ಪರೀಕ್ಷಿಸಿ ಕೊಟ್ಟವನೇ ಹಿಂತೆಗೆದ. ನನಗೆ ಎರಡನೆಯದು ತುಸು ಹೆಚ್ಚು ಸರಿ ಅನ್ನಿಸುತ್ತದೆ, ಒಂದು ಷರತ್ತಿನೊಂದಿಗೆ. ಆ ಪರೀಕ್ಷೆಯ ಫಲಿತಾಂಶ ವೈದ್ಯಕೀಯ ಪತ್ರಿಕೆಗಳಲ್ಲಿ ಬಹಿರಂಗವಾಗಿ ಪ್ರಕಟವಾದದ್ದರಿಂದಲೇ ಪೊಲೀಸರು, ಆಂಬುಲೆನ್ಸಿನವರು, ಬೇರೆ ದೇಶಗಳ ಸೇನೆಗಳು ಎಲ್ಲರೂ ಪಾಠ ಕಲಿತರು. ಸೇನೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಈ ವಾದ ನಿಲ್ಲುತ್ತಲೇ ಇರಲಿಲ್ಲ. 2015ರಲ್ಲಿ ಶ್ವೇತಭವನ ಶುರು ಮಾಡಿದ ‘ಸ್ಟಾಪ್ ದ ಬ್ಲೀಡ್’ ಅಭಿಯಾನದಲ್ಲಿ ಶಾಲಾ ಮೇಷ್ಟರಿಗೂ ಅಂಗಡಿಯವರಿಗೂ ಟೂರ್ನಿಕೆಟ್ ಬಿಗಿಯುವುದನ್ನು, ಗಾಜ್ ತುಂಬುವುದನ್ನು ಕಲಿಸಿದರು. ರಣರಂಗದಲ್ಲಿ ಕಲಿತದ್ದು ಬೀದಿಗೆ ಬಂದದ್ದು ಹೀಗೆ.

ಇನ್ನು ಆಕಾಶದ ಕಡೆ ತಿರುಗಿದರೆ ಚಿತ್ರ ಬೇರೆಯೇ.

ಬಾಗ್ದಾದಿನಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಬೆಳೆದು, 1970ರ ದಶಕದಲ್ಲಿ ಅಮೆರಿಕಕ್ಕೆ ಬಂದ ಎಂಜಿನಿಯರ್ ಅಬ್ರಹಾಂ ಕರೆಮ್ ಲಾಸ್ ಏಂಜಲಿಸ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ಪೈಲಟ್ ಇಲ್ಲದ ವಿಮಾನ ಕಟ್ಟಿದರು. ಸೇನಾ ಸಂಶೋಧನೆಗೆ ಹಣ ಕೊಡುವ ಡಾರ್ಪಾ ಸಂಸ್ಥೆ ಬೆನ್ನಿಗೆ ನಿಂತಿತು. ಅವರ ಆಂಬರ್ ಎಂಬ ವಿಮಾನ 38 ಗಂಟೆಗೂ ಮೀರಿ ಹಾರಿತು. ಆ ಕಾಲದ ಡ್ರೋನುಗಳು ಹಾರುವುದಕ್ಕಿಂತ ಬೀಳುವುದೇ ಹೆಚ್ಚಾಗಿದ್ದಾಗ ಇದು ಬೆರಗಿನ ಸಂಗತಿ. ಆದರೂ ಗಿರಾಕಿ ಬರಲಿಲ್ಲ. ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಡ್ರೋನ್ ಯೋಜನೆಗಳನ್ನೆಲ್ಲ ಒಟ್ಟುಮಾಡಿ ಹಣ ಕತ್ತರಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1990ರಲ್ಲಿ ಕರೆಮ್ ಅವರ ಲೀಡಿಂಗ್ ಸಿಸ್ಟಮ್ಸ್ ದಿವಾಳಿಯಾಯಿತು. ಅದನ್ನು ಕೊಂಡ ಜನರಲ್ ಅಟಾಮಿಕ್ಸ್ ಅದೇ ವಿನ್ಯಾಸದಿಂದ 1994ರಲ್ಲಿ ಪ್ರಿಡೇಟರ್ ಹಾರಿಸಿತು. 2001ರಲ್ಲಿ ಅದಕ್ಕೆ ಹೆಲ್‌ಫೈರ್ ಕ್ಷಿಪಣಿ ಕಟ್ಟಿದರು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು: ದೂರದ ಕೋಣೆಯಲ್ಲಿ ಕೂತವರು ಇನ್ನೊಂದು ದೇಶದ ಮನೆಯ ಮೇಲೆ ಗುರಿಯಿಟ್ಟ ಯುದ್ಧ, ಸತ್ತ ನಾಗರಿಕರ ಬಗ್ಗೆ ಇನ್ನೂ ಮುಗಿಯದ ಜಗಳ. ಅದೇ ವಂಶದ ಎಂಕ್ಯು-9ಬಿ ಡ್ರೋನುಗಳನ್ನು, ಒಟ್ಟು 31, ಕೊಳ್ಳಲು ಭಾರತ 2024ರ ಅಕ್ಟೋಬರಿನಲ್ಲಿ ಸಹಿ ಹಾಕಿತು. ಅವುಗಳ ಎಂಜಿನ್ ಕೆಲಸಕ್ಕೆ ಬೆಂಗಳೂರಿನ ಎಚ್‌ಎಎಲ್ ಹೆಸರೂ ಸೇರಿದೆ. ಒಂದು ಮನೆಯ ಗ್ಯಾರೇಜಿನಲ್ಲಿ ಶುರುವಾದದ್ದು ಎಲ್ಲಿಗೆ ಬಂತು ನೋಡಿ.

ಇನ್ನೊಂದು ಕಥೆ ಸ್ವಲ್ಪ ತಮಾಷೆಯದು. ವಾಷಿಂಗ್ಟನ್ ರಾಜ್ಯದ ಬಿಂಗನ್ ಎಂಬ ನದಿತೀರದ ಚಿಕ್ಕ ಊರಿನಲ್ಲಿ ಇನ್‌ಸಿಟು ಎಂಬ ಕಂಪನಿ ಇತ್ತು. ಹವಾಮಾನ ಅಳೆಯುವ ಅದರ ಪುಟ್ಟ ವಿಮಾನ 1998ರಲ್ಲಿ ಪೈಲಟ್ ಇಲ್ಲದೆ ಅಟ್ಲಾಂಟಿಕ್ ದಾಟಿತ್ತು. ಆಮೇಲೆ ಅವರು ಮಾಡಲು ಹೊರಟದ್ದು ಸಮುದ್ರದಲ್ಲಿ ಟ್ಯೂನಾ ಮೀನಿನ ಹಿಂಡು ಹುಡುಕುವ ಡ್ರೋನ್. ಹಡಗಿನಿಂದ ಹಾರಿಸಿ, ತೂಗುಬಿಟ್ಟ ಹಗ್ಗಕ್ಕೆ ರೆಕ್ಕೆಯ ಕೊಕ್ಕೆ ಸಿಕ್ಕಿಸಿ ಹಿಡಿಯುವಂಥದ್ದು, ಓಡುದಾರಿಯೇ ಬೇಡ. ಮೀನುಗಾರರು ಕೊಳ್ಳುವ ಮೊದಲೇ ಸೇನೆ ಬಂತು. 2004ರಲ್ಲಿ ಅದು ಸ್ಕ್ಯಾನ್ ಈಗಲ್ ಎಂಬ ಹೆಸರಿನಲ್ಲಿ ಇರಾಕಿನ ಮೇಲೆ ಹಾರುತ್ತಿತ್ತು. 2008ರಲ್ಲಿ ಬೋಯಿಂಗ್ ಬಂದು ಇನ್‌ಸಿಟುವನ್ನೇ ಕೊಂಡುಕೊಂಡಿತು.

ಗಾಯದ ಬಟ್ಟೆ ರಣರಂಗದಿಂದ ಊರಿಗೆ ಬಂತು, ಮೀನಿನ ಡ್ರೋನ್ ಊರಿನಿಂದ ರಣರಂಗಕ್ಕೆ ಹೋಯಿತು. ವೈದ್ಯಕೀಯ ಸರಕಿನಲ್ಲಿ ಸೇನೆ ಮೊದಲ ಗಿರಾಕಿ, ಅದರ ಹಿಂದೆ ಸಾಲುಗಟ್ಟಿ ಆಸ್ಪತ್ರೆಗಳಿವೆ. ವೈಮಾನಿಕ ಸರಕಿನಲ್ಲಿ ಬಹಳ ಸಲ ಸೇನೆಯೇ ಮೊದಲ ಗಿರಾಕಿ, ಸೇನೆಯೇ ಕೊನೆಯ ಗಿರಾಕಿ. ಒಮ್ಮೆ ಮಿಲಿಟರಿ ಸರಕು ಎಂಬ ಮುದ್ರೆ ಬಿದ್ದರೆ ರಫ್ತು ನಿಯಮಗಳು ಕಾಲಿಗೆ ತೊಡರುತ್ತವೆ, ಹೊರಗೆ ಮಾರುವುದೇ ಕಷ್ಟ. ಎಲ್ಲ ವೈಮಾನಿಕ ಸಂಶೋಧನೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ; ಜಿಪಿಎಸ್ ನಮ್ಮೆಲ್ಲರ ಕಿಸೆಯಲ್ಲಿದೆ. ಆದರೆ ಜಿಪಿಎಸ್ ಸಣ್ಣ ಅಂಗಡಿಯ ಕೆಲಸವಾಗಿರಲಿಲ್ಲ. ಸ್ಪಂಜನ್ನು ಮುಂದಿಟ್ಟು ಡ್ರೋನಿಗೂ ಅದೇ ಪುಣ್ಯ ಕೇಳುವುದು ಸರಿಯಲ್ಲ; ಡ್ರೋನನ್ನು ತೋರಿಸಿ ಸ್ಪಂಜಿಗೂ ಅದೇ ಪಾಪ ಹೊರಿಸುವುದೂ ಸರಿಯಲ್ಲ.

ದುಡ್ಡಿನ ಲೆಕ್ಕ ಏನು ಹೇಳುತ್ತದೆ? ಅರ್ಥಶಾಸ್ತ್ರಜ್ಞರು ಈ ಯೋಜನೆಯನ್ನು ಕೂಲಂಕಷವಾಗಿ ಜಾಲಾಡಿದ್ದಾರೆ. ಹಾರ್ವರ್ಡಿನ ಜಾಶ್ ಲರ್ನರ್ 1999ರಲ್ಲಿ ತೋರಿಸಿದ್ದು: ಈ ಹಣ ಪಡೆದ ಕಂಪನಿಗಳು ಪಡೆಯದವುಗಳಿಗಿಂತ ಚೆನ್ನಾಗಿ ಬೆಳೆದವು, ಆದರೆ ಮೊದಲೇ ಖಾಸಗಿ ಹೂಡಿಕೆದಾರರು ಓಡಾಡುತ್ತಿದ್ದ ಪ್ರದೇಶಗಳಲ್ಲಿ ಮಾತ್ರ. ಮತ್ತೆ ಮತ್ತೆ ಪಡೆದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಮರುವರ್ಷ ಸ್ಕಾಟ್ ವಾಲ್‌ಸ್ಟನ್ ಇನ್ನೂ ಕಹಿ ಮಾತು ಹೇಳಿದರು: ಸರ್ಕಾರ ಒಂದು ಡಾಲರ್ ಕೊಟ್ಟರೆ ಕಂಪನಿ ತಾನು ಖರ್ಚು ಮಾಡಬೇಕೆಂದಿದ್ದ ಒಂದು ಡಾಲರನ್ನು ಕಿಸೆಯಲ್ಲೇ ಉಳಿಸಿಕೊಳ್ಳುತ್ತದೆ, ಒಟ್ಟು ಸಂಶೋಧನೆ ಇದ್ದಷ್ಟೇ. 2017ರಲ್ಲಿ ಸಬ್ರೀನಾ ಹೊವೆಲ್ ಇಂಧನ ಇಲಾಖೆಯ ದಾಖಲೆಗಳಲ್ಲಿ ಕಂಡದ್ದು ಇವೆರಡರ ನಡುವಿನದು. ಮೊದಲ ಹಂತದ ಸಣ್ಣ ಮೊತ್ತ ಕಂಪನಿಗೆ ಖಾಸಗಿ ಹೂಡಿಕೆ ಸಿಗುವ ಸಾಧ್ಯತೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಎರಡನೇ ಹಂತದ ದೊಡ್ಡ ಮೊತ್ತದಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಅದೇ ಹೊವೆಲ್ ಸಂಗಡಿಗರೊಂದಿಗೆ ಅಮೆರಿಕದ ವಾಯುಪಡೆಯ ದಾಖಲೆಗಳನ್ನು ತೆಗೆದು ನೋಡಿದ್ದು ನಮ್ಮ ವಿಷಯಕ್ಕೆ ತೀರ ಹತ್ತಿರ. ಹಳೆಯ ಪದ್ಧತಿಯಲ್ಲಿ ವಾಯುಪಡೆ ‘ಇಂಥ ಅಳತೆಯ ಇಂಥ ಸೆನ್ಸರ್ ಬೇಕು’ ಎಂದು ಕರಾರುವಾಕ್ಕಾಗಿ ಬರೆದು ಅರ್ಜಿ ಕರೆಯುತ್ತಿತ್ತು. 2018ರಿಂದ ಇನ್ನೊಂದು ದಾರಿಯನ್ನೂ ತೆರೆಯಿತು: ‘ನಿಮ್ಮಲ್ಲಿ ಏನಿದೆಯೋ ತನ್ನಿ, ನಮಗೆ ಹೇಗೆ ಉಪಯೋಗವಾದೀತು ಅಂತ ನೀವೇ ಹೇಳಿ.’ ಈ ಮುಕ್ತ ದಾರಿಯಲ್ಲಿ ಗೆದ್ದವರಿಗೆ ಖಾಸಗಿ ಹೂಡಿಕೆಯೂ ಬಂತು, ಸೇನೆಯ ಮುಂದಿನ ಖರೀದಿಯೂ ಸಿಕ್ಕಿತು. ಹಳೆಯ ದಾರಿಯಲ್ಲಿ ಗೆದ್ದವರಿಗೆ ಸಿಕ್ಕಿದ್ದು ಮುಖ್ಯವಾಗಿ ಮತ್ತೊಂದು ಎಸ್‌ಬಿಐಆರ್ ಗ್ರಾಂಟ್! ಅರ್ಜಿ ಬರೆಯುವುದರಲ್ಲೇ ಪಳಗಿ, ವರ್ಷವರ್ಷವೂ ಗ್ರಾಂಟಿನ ಮೇಲೆ ಬದುಕುವ ಕಂಪನಿಗಳಿಗೆ ಅಮೆರಿಕದಲ್ಲಿ ‘ಎಸ್‌ಬಿಐಆರ್ ಮಿಲ್’ ಎಂದು ಅಡ್ಡಹೆಸರೇ ಇದೆ. ಈ ಗಿರಣಿಗಳ ಪರವಾಗಿಯೂ ಒಂದು ಮಾತಿದೆ, ಅದನ್ನು ಬಿಟ್ಟುಬಿಡುವುದು ಅನ್ಯಾಯ: ಸೇನೆಗೆ ಬೇಕಾದ ಎಷ್ಟೋ ವಸ್ತುಗಳಿಗೆ ಮಾರುಕಟ್ಟೆಯೇ ಇಲ್ಲ. ಜಲಾಂತರ್ಗಾಮಿಯ ಯಾವುದೋ ಒಂದು ಸೀಲ್, ಹಳೆಯ ವಿಮಾನದ ಯಾವುದೋ ಒಂದು ಸರ್ಕ್ಯೂಟ್. ಅದನ್ನು ಮಾಡುವ ಅನುಭವಿ ಎಂಜಿನಿಯರುಗಳ ತಂಡಕ್ಕೆ ಕೋಟ್ಯಧಿಪತಿಯಾಗುವ ಆಸೆ ಇಲ್ಲದಿರಬಹುದು. ಹೂಡಿಕೆದಾರ ಬರಲಿಲ್ಲ ಎಂಬುದೇ ಸೋಲಿನ ಗುರುತಲ್ಲ.

ಈ ಜಗಳ ಕಾಂಗ್ರೆಸ್ಸಿಗೂ ಹೋಯಿತು. ಸೆನೆಟರ್ ಜೋನಿ ಅರ್ನ್ಸ್ಟ್ ಗಿರಣಿಗಳಿಗೆ ಮಿತಿ ಹಾಕಬೇಕು, ಚೀನಾದ ನಂಟಿರುವ ಕಂಪನಿಗಳನ್ನು ಹೊರಗಿಡಬೇಕು ಎಂದು ಪಟ್ಟು ಹಿಡಿದರು. ಸೆನೆಟರ್ ಎಡ್ ಮಾರ್ಕಿ ಯೋಜನೆಯನ್ನು ಕಾಯಂ ಮಾಡಿ ಎಂದರು. ಒಮ್ಮತವಾಗದೆ 2025ರ ಸೆಪ್ಟೆಂಬರ್ 30ಕ್ಕೆ ಯೋಜನೆಯ ಅವಧಿ ಮುಗಿದು ಹೊಸ ಗ್ರಾಂಟುಗಳು ನಿಂತವು. ಗಿರಣಿಗಳು ಹೇಗೋ ತಡೆದುಕೊಳ್ಳುತ್ತವೆ. ಇಂಥ ಹೊತ್ತಿನಲ್ಲಿ ಮೊದಲು ಮುರಿದು ಬೀಳುವುದು ಮುಂದಿನ ತಿಂಗಳ ಸಂಬಳಕ್ಕೆ ಆ ಚೆಕ್ಕನ್ನೇ ನಂಬಿದ ಹೊಸಬರು.

ಇದೆಲ್ಲ ನಮಗೆ ದೂರದ ಮಾತಲ್ಲ. ಎಸ್‌ಬಿಐಆರ್‌ನ ನೆರಳು ಬೀಳುವಂಥ ಯೋಜನೆ ಭಾರತದಲ್ಲೂ 2018ರ ಏಪ್ರಿಲಿನಲ್ಲಿ ಬಂತು: ಐಡೆಕ್ಸ್. ಅದನ್ನು ನಡೆಸುವ ರಕ್ಷಣಾ ನಾವೀನ್ಯ ಸಂಸ್ಥೆಯನ್ನು ಹುಟ್ಟುಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್, ಎರಡೂ ಬೆಂಗಳೂರಿನವೇ. ಸೇನೆ ತನ್ನ ಸಮಸ್ಯೆಗಳನ್ನು ಸವಾಲುಗಳ ರೂಪದಲ್ಲಿ ಮುಂದಿಡುತ್ತದೆ. ಗೆದ್ದ ಸ್ಟಾರ್ಟಪ್ಪಿಗೆ ಮಾದರಿ ಮಾಡಲು 1.5 ಕೋಟಿ ರೂಪಾಯಿವರೆಗೆ, ದೊಡ್ಡ ಕೆಲಸವಾದರೆ 10 ಕೋಟಿವರೆಗೆ, ತೀರ ಮುಂಚೂಣಿಯ ತಂತ್ರಜ್ಞಾನಕ್ಕೆ 25 ಕೋಟಿವರೆಗೆ ನೆರವು. 2022ರ ಬಜೆಟ್ ರಕ್ಷಣಾ ಸಂಶೋಧನೆಯ ಹಣದಲ್ಲಿ ಶೇಕಡಾ 25ನ್ನು ಉದ್ದಿಮೆ, ಸ್ಟಾರ್ಟಪ್, ವಿದ್ಯಾಸಂಸ್ಥೆಗಳಿಗೆ ತೆರೆದಿಡುವುದಾಗಿ ಹೇಳಿತು. ಅಮೆರಿಕದ ಯೋಜನೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಒಂದಿದೆ: ಇಲ್ಲಿ ಸ್ಟಾರ್ಟಪ್ಪೂ ತನ್ನ ಪಾಲಿನ ದುಡ್ಡು ಹಾಕಬೇಕು. ವಾಲ್‌ಸ್ಟನ್ ಹೇಳಿದ ರೋಗಕ್ಕೆ ಇದು ಮದ್ದು ಹೌದು, ಆದರೆ ಅಪ್ಪನ ಮನೆ ಅಡವಿಟ್ಟು ಬಂದ ಎಂಜಿನಿಯರನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ನಮ್ಮಲ್ಲೂ ಆಕಾಶದಿಂದ ಆಸ್ಪತ್ರೆಗೆ ಇಳಿದ ಒಂದು ಕಥೆಯಿದೆ. ಬೆಂಗಳೂರಿನ ಡೆಬೆಲ್ ಡಿಆರ್‌ಡಿಒಗೆ ಸೇರಿದ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯ. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುತ್ತಲೇ ಆಮ್ಲಜನಕ ತಯಾರಿಸಿ ಕೊಡುವ ಉಪಕರಣವನ್ನು ಅಲ್ಲಿ ರೂಪಿಸಿದ್ದರು. ಸಿಲಿಂಡರ್ ಹೊತ್ತು ಹಾರುವ ಬದಲು ಎಂಜಿನ್ನಿನಿಂದ ಬರುವ ಗಾಳಿಯನ್ನೇ ಒತ್ತಡದಲ್ಲಿ ಜಿಯೋಲೈಟ್ ಪದರದ ಮೂಲಕ ಹಾಯಿಸುತ್ತಾರೆ. ನೈಟ್ರೋಜನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. (ಹೌದು, ಇರಾಕಿನಲ್ಲಿ ಗಾಯ ಸುಟ್ಟ ಅದೇ ಬಗೆಯ ಖನಿಜ.) 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆಗೆ ಸಿಲಿಂಡರುಗಳಿಗಾಗಿ ಜನ ಬೀದಿ ಬೀದಿ ಅಲೆಯುತ್ತಿದ್ದಾಗ ಇದೇ ತಂತ್ರದ ಮೇಲೆ ನಿಮಿಷಕ್ಕೆ 1,000 ಲೀಟರ್ ಕೊಡುವ ಆಸ್ಪತ್ರೆಯ ಘಟಕಗಳನ್ನು ಕಟ್ಟುವ ತೀರ್ಮಾನವಾಯಿತು. 332 ಘಟಕಗಳ ಆರ್ಡರ್ ಟಾಟಾ ಸಮೂಹದ ಬೆಂಗಳೂರಿನ ಕಂಪನಿಗೆ, 48 ಘಟಕಗಳದ್ದು ಕೊಯಮತ್ತೂರಿನ ಟ್ರೈಡೆಂಟ್ ನ್ಯೂಮ್ಯಾಟಿಕ್ಸ್‌ಗೆ. ಪ್ರಯೋಗಾಲಯ ಸರ್ಕಾರದ್ದು, ದೊಡ್ಡ ಪಾಲು ದೊಡ್ಡವರಿಗೆ, ಕಂಪ್ರೆಸರ್ ಕಸುಬಿನಲ್ಲಿ ಪಳಗಿದ ಸಣ್ಣವರಿಗೆ ಸಣ್ಣ ಪಾಲು. ನಮ್ಮ ವ್ಯವಸ್ಥೆಯ ರೀತಿ ಇದರಲ್ಲೇ ಕಾಣುತ್ತದೆ. ಅಲೆ ಇಳಿದ ಮೇಲೆ ಆಪರೇಟರ್ ಇಲ್ಲದೆ, ನಿರ್ವಹಣೆಯಿಲ್ಲದೆ ಹಲವು ಆಸ್ಪತ್ರೆಗಳಲ್ಲಿ ಆಮ್ಲಜನಕ ಘಟಕಗಳು ಸುಮ್ಮನೆ ನಿಂತವು ಎಂಬ ವರದಿಗಳೂ ಬಂದವು.

ಸೇನೆಯ ಹಣವಿಲ್ಲದೆ ಇಂಥದ್ದೆಲ್ಲ ಆಗುವುದೇ ಇಲ್ಲ ಎನ್ನುವುದೂ ತಪ್ಪು. ಅಹಮದಾಬಾದಿನಲ್ಲಿ ಶುರುವಾದ ಆಕ್ಸಿಯೊ ಬಯೋಸೊಲ್ಯೂಷನ್ಸ್ ಕೈಟೊಸಾನ್ ಎಂಬ ವಸ್ತುವಿನಿಂದ ಮಾಡಿದ ರಕ್ತ ನಿಲ್ಲಿಸುವ ಪಟ್ಟಿ ತಂದದ್ದು ಇನ್‌ಕ್ಯುಬೇಟರ್ ಮತ್ತು ಖಾಸಗಿ ಹೂಡಿಕೆಯ ಬೆಂಬಲದಿಂದ. ಸೇನೆ ಆಮೇಲೆ ಬಂದ ಗಿರಾಕಿ. ಭಾರತದ ರಸ್ತೆಗಳಲ್ಲಿ 2022ರೊಂದರಲ್ಲೇ 1,68,491 ಜನ ಸತ್ತರು. ರಕ್ತ ನಿಲ್ಲಿಸುವ ಪಟ್ಟಿಗೆ ಇಲ್ಲಿ ಯುದ್ಧವೇ ಆಗಬೇಕಿಲ್ಲ.

ವಿರೋಧಿಸುವವರ ಅತಿ ಬಲವಾದ ವಾದ ಇಲ್ಲಿಂದಲೇ ಹುಟ್ಟುತ್ತದೆ: ಯಾರ ನೋವು ಸವಾಲಾಗುತ್ತದೆ? ಸೇನೆ ಪ್ರಶ್ನೆ ಕೇಳಿದರೆ ಉತ್ತರವೂ ಸೈನಿಕನ ಮೈಗೆ ಹೊಂದುವಂತೆಯೇ ಬರುತ್ತದೆ. ಹಾವು ಕಡಿತದಿಂದ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಎಂದು ಅಧ್ಯಯನಗಳ ಅಂದಾಜು. ಹೆಚ್ಚಿನವರು ಹೊಲಗದ್ದೆಗಳಲ್ಲಿ ದುಡಿಯುವವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು, ಒಳ್ಳೆಯದೇ. ಆದರೆ ರೈತನ ಪರವಾಗಿ ‘ಇಂಥ ಪರೀಕ್ಷಾ ಪಟ್ಟಿ ಮಾಡಿ ತನ್ನಿ, ಇಷ್ಟು ಸಾವಿರ ನಾವೇ ಕೊಳ್ಳುತ್ತೇವೆ’ ಎಂದು ಸವಾಲು ಹಾಕುವ ಇಲಾಖೆ ಯಾವುದು? ಜೈವಿಕ ತಂತ್ರಜ್ಞಾನ ಇಲಾಖೆಯ ಬೈರಾಕ್ 50 ಲಕ್ಷದವರೆಗೆ ಆರಂಭಿಕ ಗ್ರಾಂಟ್ ಕೊಡುತ್ತದೆ, ಅದರಿಂದ ಹುಟ್ಟಿದ ಕಂಪನಿಗಳೂ ಬಹಳ. ಅಮೆರಿಕದಲ್ಲೂ ಇದೇ ಎಸ್‌ಬಿಐಆರ್ ಕಾನೂನಿನಡಿ ಆರೋಗ್ಯ ಸಂಸ್ಥೆಗಳು ದೊಡ್ಡ ಮೊತ್ತ ಹಂಚುತ್ತವೆ. ಹಾಗಾಗಿ ಸೇನೆ ಹಣವೆಲ್ಲ ನುಂಗಿತು ಎಂಬ ದೂರು ಪೂರ್ತಿ ನಿಜವಲ್ಲ. ಬೈರಾಕ್ ಗ್ರಾಂಟ್ ಕೊಡಬಹುದು, ಸರಕು ಕೊಳ್ಳಲಾರದು. ಸೇನೆಯ ಹತ್ತಿರ ಎರಡೂ ಇದೆ.

ಗ್ರಾಂಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುತ್ತಾ ಕೂರುವ ಬದಲು ಕೊನೆಗೆ ಕೊಳ್ಳುವವನು ಯಾರು, ಅವನ ಹಿಂದೆ ಇನ್ನಾರು ನಿಂತಿದ್ದಾರೆ ಎಂದು ನೋಡಬೇಕು ಎಂಬುದು ನನ್ನ ತೀರ್ಮಾನ. ವೈದ್ಯಕೀಯ ಸರಕಿಗೆ ಸೇನೆಯ ಹಣ ಬರಲಿ; ಪರೀಕ್ಷೆಯ ಫಲಿತಾಂಶ, ಅದರಲ್ಲೂ ಸೋತ ಪರೀಕ್ಷೆಯ ಫಲಿತಾಂಶ, ಬಹಿರಂಗವಾಗಬೇಕು ಎಂಬ ಕರಾರು ಒಪ್ಪಂದದಲ್ಲೇ ಇರಲಿ. 20 ವರ್ಷದ ಗುಟ್ಟಿನ ಬೇಲಿ ಸರ್ಕ್ಯೂಟಿಗೆ ಸರಿ, ಮನುಷ್ಯನ ಗಾಯಕ್ಕೆ ಸುರಿಯುವ ಪುಡಿಯ ಅಡ್ಡಪರಿಣಾಮಕ್ಕೆ ಸಲ್ಲದು. ಡ್ರೋನಿನಂಥ ಸರಕಿಗೆ ನನ್ನ ಬೆಂಬಲ ಅರೆಮನಸ್ಸಿನದು. ದೇಶಕ್ಕೆ ಗಡಿಯಿದೆ, ಗಡಿಗೆ ಕಾವಲು ಬೇಕು. ಕಾವಲಿನ ಸಾಮಾನು ಹೊರಗಿನಿಂದ ತಂದರೆ ಏನಾಗುತ್ತದೆ ಎಂಬುದು 2025ರ ಆರಂಭದಲ್ಲಿ ಕಂಡಿದೆ. ಚೀನಾದ ಬಿಡಿಭಾಗಗಳಿವೆ ಎಂಬ ಕಾರಣಕ್ಕೆ ನಮ್ಮ ಸೇನೆ 400 ಡ್ರೋನುಗಳ ಆರ್ಡರನ್ನು ರದ್ದು ಮಾಡಬೇಕಾಯಿತು. ಆ ಬಿಡಿಭಾಗಗಳನ್ನು ಪೀಣ್ಯದಲ್ಲೋ ಹೊಸೂರಿನಲ್ಲೋ ಮಾಡಿಸುವುದಕ್ಕೆ ಹಣ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಅಲ್ಲಿ ‘ಆಮೇಲೆ ಊರಿಗೂ ಉಪಯೋಗವಾದೀತು’ ಎಂಬ ಆಸೆ ತೋರಿಸಿ ಹಣ ಕೇಳಬಾರದು. ಇದು ಆಯುಧ, ಇದಕ್ಕೆ ಇಷ್ಟು ಬೇಕು ಎಂದು ನೇರವಾಗಿ ಸಂಸತ್ತಿನ ಮುಂದಿಟ್ಟು ಕೇಳಲಿ.

ಕೊಳ್ಳುವ ಮಾತಿಗೆ ಬಂದರೆ, ರಕ್ಷಣಾ ಸಚಿವಾಲಯ 2022ರಲ್ಲಿ ಐಡೆಕ್ಸ್ ಗೆದ್ದವರಿಂದ ಖರೀದಿಸುವ ವಿಧಾನವನ್ನು ಸರಳಗೊಳಿಸಿ, ಅಗತ್ಯ ಒಪ್ಪಿದ ದಿನದಿಂದ ಸುಮಾರು 22 ವಾರಗಳಲ್ಲಿ ಒಪ್ಪಂದ ಮುಗಿಸುವ ಗುರಿ ಇಟ್ಟಿತು. ಸರ್ಕಾರಿ ಖರೀದಿಯ ಮಟ್ಟಿಗೆ ಇದು ವೇಗವೇ. ನಮ್ಮ ಆರೋಗ್ಯ ಇಲಾಖೆಗಳ ಖರೀದಿ ಇನ್ನೂ ಎಲ್‌-1 ಲೆಕ್ಕದಲ್ಲೇ ನಡೆಯುತ್ತದೆ, ಅಂದರೆ ಕಡಿಮೆ ಬೆಲೆ ನಮೂದಿಸಿದವನಿಗೆ ಆರ್ಡರ್. ಇದುವರೆಗೆ ಯಾರೂ ಮಾಡಿರದ ಉಪಕರಣಕ್ಕೆ ಕಡಿಮೆ ಬೆಲೆ ಯಾವುದರ ಜೊತೆ ಹೋಲಿಸಿ? ಸೇನೆಗೆ ಕೊಟ್ಟಂಥದೇ ಖರೀದಿ ದಾರಿಯನ್ನು ಜಿಲ್ಲಾಸ್ಪತ್ರೆಗಳಿಗೂ ಕೊಟ್ಟರೆ, ಹಾವು ಕಡಿತದ ಪರೀಕ್ಷಾ ಪಟ್ಟಿಯನ್ನೋ ರಕ್ತ ನಿಲ್ಲಿಸುವ ಬಟ್ಟೆಯನ್ನೋ ಮಾಡುವ ಸಣ್ಣ ಕಂಪನಿ ಮೊದಲು ಯಾರ ಬಾಗಿಲು ತಟ್ಟಬೇಕು ಎಂಬುದನ್ನು ತಾನೇ ಆರಿಸಿಕೊಳ್ಳಬಹುದು. ಅದಕ್ಕೆ ಹೊಸ ಗ್ರಾಂಟ್ ಬೇಕಿಲ್ಲ, ಖರೀದಿ ನಿಯಮದಲ್ಲಿ ಒಂದು ತಿದ್ದುಪಡಿ ಸಾಕು.